ಹೆಬ್ಬೆರಳಿಗೆ ದೂರದ ಚಿಕ್ಕಬಳ್ಳಾಪುರ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ ಸುಮಾರು 60 ಕಿಲೋಮೀಟರ್. ಯಲಹಂಕ, ದೇವನಹಳ್ಳಿ ದಾಟಿದರೆ ಊರು ಬಂದೇಬಿಟ್ಟಿತು. ಆ ಹೆಸರನ್ನು ಫೋನಿನಲ್ಲಿ ಬರೆಯಹೊರಟರೆ ಮಾತ್ರ ದಾರಿ ಅಂಕುಡೊಂಕು. ಕಣ್ಣಿಗೆ ಆರೇ ಅಕ್ಷರ: ಚಿ, ಕ್ಕ, ಬ, ಳ್ಳಾ, ಪು, ರ. ಫೋನಿನ ಲೆಕ್ಕದಲ್ಲಿ 13. ಚ ಬೇರೆ, ಅದರ ಗುಡಿಸು ಬೇರೆ. ಕ ಬೇರೆ, ಅದನ್ನು ಅರ್ಧ ಮಾಡುವ ಚಿಹ್ನೆ ಬೇರೆ, ಕೆಳಗೆ ಕೂರುವ ಇನ್ನೊಂದು ಕ ಮತ್ತೂ ಬೇರೆ.

ಕಂಪ್ಯೂಟರಿಗೆ ಕನ್ನಡ ತಂದವರಲ್ಲೊಬ್ಬರಾದ ಕೆ. ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಕಚೇರಿಗಳ ಕೈಗೆ ಹತ್ತಿದ ಕೀಲಿ ವಿನ್ಯಾಸದಲ್ಲಿ ಈ ಅರ್ಧ ಮಾಡುವ ಕೆಲಸ ಎಫ್ ಕೀಲಿಯದು. ಕಂಪ್ಯೂಟರಿನಲ್ಲಿ ಅದು ಎಡಗೈ ತೋರುಬೆರಳಿನ ಕೆಳಗೇ ಇರುತ್ತದೆ. ಒತ್ತಕ್ಷರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಫೋನಿನಲ್ಲಿ ತೋರುಬೆರಳಿಗೆ ಕೆಲಸವೇ ಇಲ್ಲ, ಎಲ್ಲ ಹೆಬ್ಬೆರಳಿನದು. ಶಿಫ್ಟನ್ನು ಕಿರುಬೆರಳಲ್ಲಿ ಅದುಮಿಕೊಳ್ಳುವ ಹಾಗೂ ಇಲ್ಲ, ಪ್ರತಿ ಸಲ ಬೇರೆಯಾಗಿ ತಟ್ಟಬೇಕು. ಎರಡು ಳ, ಒಂದು ದೀರ್ಘ, ಅವಕ್ಕೆ ಮೂರು ಶಿಫ್ಟ್. ಒಟ್ಟು 16 ತಟ್ಟು.

ಅದಕ್ಕೇ ಎಷ್ಟೋ ಜನ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸಿಕೊಳ್ಳುವುದು. ಅರ್ಧ ಬರೆಯುವಷ್ಟರಲ್ಲಿ ಮೇಲಿನ ಪಟ್ಟಿಯಲ್ಲಿ ಊರು ಬಂದು ನಿಂತಿರುತ್ತದೆ. ಊರಿನ ಹೆಸರೇನೋ ಅದರ ನಿಘಂಟಿನಲ್ಲಿ ಇರುತ್ತದೆ. ಹೊಲದ ಹೆಸರು, ಮನೆದೇವರ ಹೆಸರು ಎಲ್ಲಿಂದ ಬರಬೇಕು? ಲ-ಳ, ನ-ಣ, ಹ್ರಸ್ವ-ದೀರ್ಘ ಎಲ್ಲವೂ ಇಂಗ್ಲಿಷಿನ ಒಂದೇ ಕೊಟ್ಟಿಗೆಯಲ್ಲಿ. ಗೌರಿಬಿದನೂರಿನ ಪಕ್ಕದ ಹಳ್ಳಿ ಗೋಡೆಯ ಮೇಲಿನ ಹಲ್ಲಿಯಾಗುವುದಕ್ಕೆ ಒಂದು ಕ್ಷಣ ಸಾಕು.

ತಿದ್ದುವಾಗಿನ ಪಾಡು ಬೇರೆ. ಈ ಸೀಮೆಯ ಬೆಳೆಯನ್ನೇ ತೆಗೆದುಕೊಳ್ಳಿ. ದ್ರಾಕ್ಷಿ ಎರಡೇ ಅಕ್ಷರ, ಒಳಗೆ 8 ತುಂಡು. ದ ಇರಬೇಕಾದಲ್ಲಿ ಡ ಬಿದ್ದಿದೆ ಎನ್ನಿ. ಕರ್ಸರ್ ಸರಿಸಿದರೆ ಇಡೀ ‘ಡ್ರಾ’ವನ್ನು ಒಂದೇ ಜಿಗಿತಕ್ಕೆ ದಾಟುತ್ತದೆ, ನಡುವೆ ನಿಲ್ಲುವುದಿಲ್ಲ. ಅಳಿಸುವ ಕೀಲಿ ಮಾತ್ರ ಒಂದೊಂದೇ ತುಂಡು ಕೀಳುತ್ತದೆ: ದೀರ್ಘ, ರ, ಅರ್ಧದ ಚಿಹ್ನೆ, ಕಡೆಗೆ ಡ. ನಾಲ್ಕು ಸಲ ಅಳಿಸಿ ನಾಲ್ಕೂ ತುಂಡನ್ನು ಮತ್ತೆ ತಟ್ಟಬೇಕು. ಬೈಯುವ ಮುಂಚೆ ಒಂದು ಮಾತು: ಇದನ್ನು ಬೇಕೆಂದೇ ಹೀಗಿಟ್ಟದ್ದು. ಗುಣಿತ ತಪ್ಪುವುದೇ ಹೆಚ್ಚು. ಆಗ ಅಕ್ಷರವೆಲ್ಲ ಹೋಗದೆ ಗುಣಿತವೊಂದೇ ಹೋಗುತ್ತದಲ್ಲ.

ಕಣ್ಣಿಗೇ ಬೀಳದ ತಪ್ಪು ನಂದಿಯದು. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ದುಂಡು. ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿ ಸೇವ್ ಮಾಡಿದರೆ ‘ನ೦ದಿ’ ಓದಲು ಚೆನ್ನಾಗಿಯೇ ಇರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಬೆಟ್ಟವೇ ಕಾಣೆ!

ಇನ್ನು ಅಗಲ. ಪರದೆ 68 ಮಿಲಿಮೀಟರ್ ಇದ್ದರೆ, ಹತ್ತು ಕೀಲಿಯ ಸಾಲಿನಲ್ಲಿ ಒಂದಕ್ಕೆ 6.8, ಹನ್ನೊಂದು ಕೂರಿಸಿದರೆ 6.2ರ ಆಸುಪಾಸು. ಹೆಬ್ಬೆರಳ ತುದಿ ಅದಕ್ಕಿಂತ ದಪ್ಪ. ಆದ್ದರಿಂದ ಮುಂದೆ ಬರಬಹುದಾದ ಅಕ್ಷರದ ಕೀಲಿಯನ್ನು ಸಾಫ್ಟ್‌ವೇರ್ ಒಳಗೊಳಗೇ ಹಿಗ್ಗಿಸಿಕೊಳ್ಳುತ್ತದೆ, ಚಿತ್ರದಲ್ಲಿ ಅದು ಕಾಣುವುದಿಲ್ಲ. 2007ರ ಮೊದಲ ಐಫೋನಿನಲ್ಲೇ ಈ ಉಪಾಯವಿತ್ತು. ಅಗಲ ಹೇಗೂ ಹೆಚ್ಚದು. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡಿನ ಎತ್ತರ ಹೆಚ್ಚಿಸಿಕೊಂಡರೆ ಕೆಳಸಾಲು-ಮೇಲುಸಾಲಿನ ಎಡವಟ್ಟಾದರೂ ಕಡಿಮೆಯಾಗುತ್ತದೆ. ಟ್ಯಾಬ್ಲೆಟ್ಟಿನದು ತದ್ವಿರುದ್ಧ. ಕೀಲಿ ಧಾರಾಳ, ಆದರೆ ಎರಡೂ ಕೈಯಲ್ಲಿ ಹಿಡಿದರೆ ನಡುವಿನವು ಎಟುಕುವುದಿಲ್ಲ. 2011ರಲ್ಲಿ ಐಪ್ಯಾಡ್ ಕೀಬೋರ್ಡನ್ನು ಎರಡು ಹೋಳು ಮಾಡಿ ಅಂಚಿಗೆ ತಳ್ಳಿದ್ದು ಇದಕ್ಕೇ.

ಅಂತೂ ದಿನಕ್ಕೆ ಹತ್ತು ಸಲ ಊರಿನ ಹೆಸರು ಬರೆಯುವವರಿಗೆ ಒಳದಾರಿಯೊಂದಿದೆ. ಗೂಗಲ್‌ನ ಜಿಬೋರ್ಡ್ ಕೀಬೋರ್ಡಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಡಿಕ್ಷನರಿ, ಅದರೊಳಗೆ ಪರ್ಸನಲ್ ಡಿಕ್ಷನರಿ, ಅಲ್ಲಿ ಕನ್ನಡ, ಆಮೇಲೆ ಪ್ಲಸ್ ಗುರುತು. ಒಂದು ಗೆರೆಯಲ್ಲಿ ಪೂರ್ತಿ ಪದ, ಇನ್ನೊಂದರಲ್ಲಿ ಚುಟುಕು. ಚುಟುಕಿನಲ್ಲಿ ಒತ್ತೂ ಬೇಡ, ದೀರ್ಘವೂ ಬೇಡ. ‘ಚಬಪ’ ಸಾಕು.