ತಪ್ಪು ಗುಳಿಗೆಯದ್ದೋ ಚಾಯದ್ದೋ?

ಕೇರಳದ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾವ ಗೂಡಂಗಡಿಯ ಬೆಂಚಿನಲ್ಲಿ ಕುಳಿತರೂ ಸಿಗರೇಟು ಬಿಡಿಸುವ ಗುಳಿಗೆಯ ಬಗ್ಗೆ ಒಂದು ಅಭಿಪ್ರಾಯ ಪುಕ್ಕಟೆ ಸಿಗುತ್ತದೆ. "ಅದು ತಿಂದ್ರೆ ವಾಂತಿ ಮಾರಾಯ, ನಿದ್ದೆಯೂ ಇಲ್ಲ, ಕೈ ನಡುಗ್ತದೆ. ನಮ್ಮ ಭಾವ ಹತ್ತೇ ದಿನಕ್ಕೆ ಬಿಟ್ಟ." ಬಿಟ್ಟದ್ದು ಸಿಗರೇಟನ್ನಲ್ಲ, ಗುಳಿಗೆಯನ್ನು. ಇನ್ನಷ್ಟು ಕೆದಕಿದರೆ ಗೊತ್ತಾಗುತ್ತದೆ: ಭಾವ ಗುಳಿಗೆ ನುಂಗಿದ್ದು ಬೆಳಗ್ಗೆ ಬರಿಹೊಟ್ಟೆಗೆ, ಅರ್ಧ ಗ್ಲಾಸು ಕಟ್ಟ ಚಾಯದಲ್ಲಿ. ಎರಡನೆಯದ್ದು ನೆನಪಾದದ್ದು ರಾತ್ರಿ ಹನ್ನೊಂದಕ್ಕೆ, ಚಾಪೆ ಬಿಡಿಸುವಾಗ. ನಡುವೆ ಬೇಸರ ಕಳೆಯಲು ಕುಡಿದ ಚಾಯಕ್ಕೆ ಲೆಕ್ಕವಿಲ್ಲ. ಹೀಗೆ ಮೂರು ಕಡೆಯಿಂದ ಎಡವಟ್ಟು ಮಾಡಿಕೊಂಡವನು ಬೈಯುವುದು ಮಾತ್ರ ಒಂದನ್ನೇ.

ಸೇದುವುದು ಬಿಟ್ಟ ಮೊದಲ ಹದಿನೈದು ದಿನಗಳಲ್ಲಿ ಆಗುವ ತೊಂದರೆಗಳಲ್ಲಿ ಕೆಲವು ನಿಕೋಟಿನ್ ಸಿಗದ್ದರಿಂದ ಬರುತ್ತವೆ, ಕೆಲವು ಗುಳಿಗೆಯಿಂದ, ಕೆಲವು ಚಾಯದಿಂದ. ಯಾವುದಕ್ಕೆ ಯಾರು ಕಾರಣ ಎಂದು ತಿಳಿಯದವನು ಕೊನೆಗೆ ತನಗೆ ಸಹಾಯ ಮಾಡುತ್ತಿದ್ದ ಗುಳಿಗೆಯನ್ನೇ ಮನೆಯಿಂದ ಹೊರಗೆ ಹಾಕುತ್ತಾನೆ.

ಈ ಕೆಲಸಕ್ಕೆ ಡಾಕ್ಟರು ಬರೆಯುವ ಗುಳಿಗೆಗಳಲ್ಲಿ ಮುಖ್ಯವಾದದ್ದು ವರೆನಿಕ್ಲಿನ್. ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ. ಮೆದುಳಿನಲ್ಲಿ ನಿಕೋಟಿನ್ ಬಂದು ಕೂರುವ ಜಾಗಗಳುಂಟು. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಕಿಟಕಿಯಿಂದ ಬೈರಾಸು ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀರಲ್ಲ, ವರೆನಿಕ್ಲಿನ್ ಮಾಡುವುದು ಅದನ್ನೇ. ಆಮೇಲೆ ಹತ್ತಿದ ನಿಕೋಟಿನ್ ಕಂಬಿ ಹಿಡಿದು ನಿಲ್ಲಬೇಕು. ಸುಮ್ಮನೆ ಜಾಗ ಹಿಡಿಯುವುದಷ್ಟೇ ಅಲ್ಲ, ನಿಕೋಟಿನ್ ಕೊಡುತ್ತಿದ್ದ ಹಿತದಲ್ಲಿ ಒಂದು ಪಾಲನ್ನು ತಾನೂ ಕೊಡುತ್ತದೆ. ಹಾಗಾಗಿ ಬಿಟ್ಟವನ ಚಡಪಡಿಕೆ ತಗ್ಗುತ್ತದೆ, ಕದ್ದು ಸೇದಿದರೂ ಸಪ್ಪೆ ಎನಿಸುತ್ತದೆ.

ಕ್ರಮ ಹೀಗೆ: ಮೊದಲ ಮೂರು ದಿನ ಅರ್ಧ ಮಿಲಿಗ್ರಾಮಿನ ಗುಳಿಗೆ ದಿನಕ್ಕೊಂದು. ನಾಲ್ಕರಿಂದ ಏಳನೇ ದಿನದವರೆಗೆ ಅದೇ ಗುಳಿಗೆ ಬೆಳಗ್ಗೆ ಒಂದು, ಸಂಜೆ ಒಂದು. ಎಂಟನೇ ದಿನದಿಂದ 1 ಮಿಲಿಗ್ರಾಮಿನದ್ದು ದಿನಕ್ಕೆರಡು. ಒಟ್ಟು 12 ವಾರ. ಮೊದಲ ವಾರಕ್ಕೆ ಸಣ್ಣದು 11, ಎರಡನೇ ವಾರಕ್ಕೆ ದೊಡ್ಡದು 14 ಬೇಕು. ಮೂತ್ರಪಿಂಡ ತೀರಾ ದುರ್ಬಲವಾಗಿದ್ದವರಿಗೆ ಡಾಕ್ಟರು ಡೋಸು ಇಳಿಸುತ್ತಾರೆ. ಆ ಕಾಯಿಲೆಯ ವಿಷಯ ಮೊದಲೇ ಹೇಳಬೇಕು. ದಿನಕ್ಕೆಷ್ಟು ಸೇದುತ್ತೀರಿ ಎಂದು ಕೇಳಿದಾಗ ಬೀಡಿಯನ್ನೂ ಸೇರಿಸಿ ಹೇಳಬೇಕು. "ಸಿಗರೇಟು ಎರಡೇ ಡಾಕ್ಟ್ರೇ" ಎಂದು ವಿನಯದಿಂದ ಹೇಳುವವನ ಅಂಗಿ ಕಿಸೆಯಲ್ಲಿ ಒಂದು ಕಟ್ಟು ಬೀಡಿ ಇರುವುದು ನಮ್ಮ ಕಡೆ ಮಾಮೂಲು. ಬೀಡಿ ಆಗಾಗ ನಂದುತ್ತದೆ, ಹಾಗಾಗಿ ಎಳೆತ ಜಾಸ್ತಿ. ಅದರ ಹೊಗೆ ಸಿಗರೇಟಿನದ್ದಕ್ಕಿಂತ ಸೌಮ್ಯ ಎಂಬುದು ಬರೀ ನಂಬಿಕೆ.

ಮನೆಯೊಳಗಿನ ಯುದ್ಧ ಶುರುವಾಗುವುದು ಎರಡನೇ ದಿನ. ಗುಳಿಗೆ ಆರಂಭಿಸಿದರೂ ಸೇದುವುದನ್ನು ನಿಲ್ಲಿಸುವ ದಿನ ಸಾಮಾನ್ಯವಾಗಿ ಎಂಟನೆಯದ್ದು. ಅಷ್ಟರವರೆಗೆ ಸೇದಬಹುದು, ಔಷಧ ರಕ್ತದಲ್ಲಿ ನೆಲೆ ಹಿಡಿಯಲಿ ಎಂದು ಕೊಟ್ಟ ಸಮಯ ಅದು. ಇದು ಡಾಕ್ಟರಿಗೆ ಗೊತ್ತು, ಸೇದುವವನಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. "ಬೆಳಗ್ಗೆ ಗುಳಿಗೆ, ಹತ್ತು ಗಂಟೆಗೆ ಕೊಟ್ಟಿಗೆ ಹಿಂದೆ ಹೊಗೆ! ದುಡ್ಡು ಎಂತಕ್ಕೆ ಹೊಳೆಗೆ ಹಾಕುದು?" ಎಂದು ಅವಳು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. "ಡಾಕ್ಟ್ರೇ ಸೇದ್ಲಿಕ್ಕೆ ಹೇಳಿದ್ದಾರೆ" ಎಂಬ ಉತ್ತರ ಸತ್ಯಕ್ಕೆ ಹತ್ತಿರವಿದ್ದರೂ ಅದನ್ನು ಲೋಕದಲ್ಲಿ ಯಾರೂ ನಂಬುವುದಿಲ್ಲ. ಡಾಕ್ಟರಲ್ಲಿಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗುವುದೊಂದೇ ದಾರಿ.

ಈಗ ವಾಂತಿಯ ವಿಚಾರ. ಇದು ಗುಳಿಗೆಯದ್ದೇ ತಪ್ಪು, ಒಪ್ಪಬೇಕು. ಪೂರ್ತಿ ಡೋಸಿನಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಮೂವರಿಗೆ ಹೊಟ್ಟೆ ತೊಳಸುತ್ತದೆ. ಆದರೆ ಬರಿಹೊಟ್ಟೆಗೆ ನುಂಗಿದರೆ ಅದು ಇನ್ನೂ ಜೋರು. ಊಟವಾದ ಮೇಲೆ, ಒಂದು ತುಂಬು ಗ್ಲಾಸು ನೀರಿನಲ್ಲಿ ನುಂಗಬೇಕು. ಊಟ ಎಂದರೆ ಕುಚ್ಚಿಲಕ್ಕಿ ಗಂಜಿಯೋ ನಾಲ್ಕು ನೀರುದೋಸೆಯೋ. ಬನ್ಸಿನ ಒಂದು ಮೂಲೆ ಕಚ್ಚಿದ್ದು ಊಟವಲ್ಲ. ಗುಳಿಗೆ ನುಂಗಿ ಹತ್ತೇ ನಿಮಿಷದಲ್ಲಿ ತಿರುವುಗಳ ರಸ್ತೆಯ ಬಸ್ಸು ಹತ್ತಿ ಕಿಟಕಿ ಬದಿಯವರಲ್ಲಿ "ಸ್ವಲ್ಪ ಜಾಗ ಕೊಡಿ ಮಾರ್ರೆ" ಎಂದು ಬೇಡುವವನಿಗೆ ಗುಳಿಗೆಯೂ ರಸ್ತೆಯೂ ಸೇರಿ ಕೆಲಸ ಕೊಟ್ಟಿರುತ್ತವೆ. ಮೊದಲ ದಿನಗಳಲ್ಲಿ ತಲೆ ತಿರುಗುವುದೂ ಉಂಟು. ಮೈಗೆ ಹೇಗೆ ಹಿಡಿಸುತ್ತದೆಂದು ನೋಡಿಕೊಂಡೇ ಬೈಕಿನ ಕೀಲಿ ಮುಟ್ಟುವುದು. ತೊಳಸು ಬಹಳ ಮಂದಿಗೆ ಕ್ರಮೇಣ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರು ಡೋಸು ತಗ್ಗಿಸಿ ಮುಂದುವರಿಸುತ್ತಾರೆ. ಮರೆತ ಗುಳಿಗೆಯನ್ನು ಮಾರನೇ ದಿನ ಎರಡೆರಡು ನುಂಗಿ ಸರಿದೂಗಿಸುವ ಅಡಿಕೆ ವ್ಯಾಪಾರದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸಿಡುಕು ಮಾತ್ರ ಗುಳಿಗೆಯದ್ದಲ್ಲ, ನಿಕೋಟಿನ್ ಇಲ್ಲದ್ದರದ್ದು. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧವಾಗುತ್ತದೆ. ಬಿಟ್ಟ ಕೆಲವೇ ಗಂಟೆಗಳಲ್ಲಿ ಮೈ ಕೇಳಲು ಶುರುಮಾಡುತ್ತದೆ. ಎರಡನೇ, ಮೂರನೇ ದಿನ ಅದರ ತುತ್ತತುದಿ. ಮತ್ತೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಮುಖ. ಹಾಗಾಗಿ ಬಿಡುವ ದಿನ ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ಮನೆಯ ಕಾರ್ಯಕ್ರಮಗಳ ಪಟ್ಟಿ ನೋಡುವುದು ಮೇಲು. ತಂಗಿಯ ಮದುವೆಯ ಮುಂಚಿನ ದಿನ ಬಿಟ್ಟವನು ಚಪ್ಪರದ ಕೆಳಗೆ ಅಡುಗೆಯವರ ಜೊತೆ ಜಗಳ ಮಾಡುತ್ತಾನೆ. ತರವಾಡಿನ ಕೋಲ, ಊರ ಜಾತ್ರೆ, ರಾತ್ರಿಯಿಡೀ ಯಕ್ಷಗಾನ ಆಟ, ಇವೆಲ್ಲ ಇರುವ ವಾರವೂ ಬೇಡ. ಬೆಳಗಿನ ಜಾವ ಎರಡು ಗಂಟೆಗೆ ರಾಕ್ಷಸ ವೇಷ ರಂಗಕ್ಕೆ ಬರುವ ಹೊತ್ತಿನಲ್ಲಿ ಚಂಡೆಯ ಸದ್ದಿಗೆ ಎದ್ದು ಹೊರಗೆ ಹೋಗಿ ಸೇದಿದ್ದವನ ಮೈಗೆ ಆ ಅಭ್ಯಾಸ ಚೆನ್ನಾಗಿ ನೆನಪಿರುತ್ತದೆ.

ನೆನಪು ಜಾಗಗಳಿಗೂ ಅಂಟಿರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಹೊಗೆ ಬಿಡುವಂತಿಲ್ಲವೆಂದು ಕೇರಳ ಹೈಕೋರ್ಟು 1999ರಲ್ಲೇ ಹೇಳಿತ್ತು. ದೇಶಕ್ಕೆಲ್ಲ ಆ ನಿಯಮ ಬಿಗಿಯಾದದ್ದು 2008ರ ಅಕ್ಟೋಬರ್ 2ರಿಂದ. ಅಷ್ಟು ಮುಂಚಿನಿಂದ ಅಡಗಿ ಸೇದಿ ಅಭ್ಯಾಸವಾದ ನಮ್ಮವರಿಗೆ ಅಂಗಡಿಯ ಹಿಂಬದಿ, ಗೋಡೆಯ ಸಂದು, ಮಾವಿನ ಮರದ ಆಚೆ ಬದಿ, ಎಲ್ಲಕ್ಕೂ ಒಂದೊಂದು ಸಿಗರೇಟಿನ ಗುರುತು. ಅಲ್ಲಿ ಹಾದುಹೋದರೆ ಬೇಕೆನಿಸುವುದು ಖಂಡಿತ. ಆ ಆಸೆ ಜೋರಾಗಿ ಇರುವುದು ಮೂರರಿಂದ ಐದು ನಿಮಿಷ. ಅಷ್ಟು ಹೊತ್ತು ಕೈಗೂ ಬಾಯಿಗೂ ಬೇರೇನಾದರೂ ಕೊಡಬೇಕು: ನೀರು, ಏಲಕ್ಕಿ, ಸಿಪ್ಪೆ ಸುಲಿಯಬೇಕಾದ ಕಡಲೆಕಾಯಿ, ಹೆಂಡತಿ ತಿಂಗಳಿಂದ ಹೇಳುತ್ತಿರುವ ಬಾವಿಕಟ್ಟೆಯ ಪಾಚಿ. ಗೂಡಂಗಡಿಯವನ ಪಟ್ಟಿ ಪುಸ್ತಕದ ಬಾಕಿ ತೀರಿಸಿ "ಇನ್ನು ಕೇಳಿದರೂ ಕೊಡ್ಬೇಡ" ಎಂದು ಹೇಳಿಬಿಡುವುದು ಒಳ್ಳೆಯದು. ಹೆಚ್ಚಿನವರು ಜಾರುವುದು ಪ್ಯಾಕೆಟು ಕೊಂಡಲ್ಲ, ಬಿಡಿಯಾಗಿ ಒಂದು ಸಿಕ್ಕಿ.

ಇನ್ನು ಚಾಯ. ಯಾರೂ ಸಂಶಯಪಡದ ಆರೋಪಿ ಇದು. ತಂಬಾಕು ಉರಿದಾಗ ಹೊಗೆಯಲ್ಲಿ ಬರುವ ಕೆಲವು ಹೈಡ್ರೋಕಾರ್ಬನ್‌ಗಳು ಪಿತ್ತಜನಕಾಂಗದ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತವೆ. ಚಾಯ ಕಾಫಿಯ ಕೆಫೀನನ್ನು ಕರಗಿಸಿ ಹೊರಹಾಕುವುದು ಇದೇ ಕಿಣ್ವ. ಸೇದುವವನು ಎಷ್ಟು ಚಾಯ ಕುಡಿದರೂ ಅರಗಿಸಿಕೊಳ್ಳುವುದು ಅದಕ್ಕೇ. ಹೊಗೆ ನಿಂತಿತೋ, ವಾರದೊಳಗೆ ಕಿಣ್ವ ತನ್ನ ಮೊದಲಿನ ನಿಧಾನಕ್ಕೆ ಮರಳುತ್ತದೆ. ಚಾಯ ಅಷ್ಟೇ ಕುಡಿದರೂ ರಕ್ತದಲ್ಲಿ ಕೆಫೀನ್ ಸರಿಸುಮಾರು ಇಮ್ಮಡಿ. ಎದೆ ಡವಗುಟ್ಟುವುದು, ಕೈ ನಡುಕ, ಕಾರಣವಿಲ್ಲದ ಗಾಬರಿ, ನಡುರಾತ್ರಿ ಮಾಡಿನ ಹಂಚು ಎಣಿಸುವುದು, ಇವೆಲ್ಲ ಬಂದಾಗ ಪಾಪದವನು ಅಂದುಕೊಳ್ಳುತ್ತಾನೆ, "ಇದು ಸಿಗರೇಟು ಬಿಟ್ಟದ್ದರ ಬಾಧೆ" ಎಂದು. ಮತ್ತೆ ಮನಸ್ಸು ಸಮಾಧಾನವಾಗಲಿ ಎಂದು ಇನ್ನೊಂದು ಚಾಯ ಹೇಳುತ್ತಾನೆ!

ಬಿಡುವ ದಿನದಿಂದಲೇ ಚಾಯ ಅರ್ಧಕ್ಕಿಳಿಸಬೇಕು. ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಹಾಲಿಲ್ಲದ್ದಕ್ಕೆ ಲೆಕ್ಕವಿಲ್ಲ ಎಂದು ಸುಲೈಮಾನಿಗೆ ಹೊರಳುವವರುಂಟು. ಕೆಫೀನ್ ಇರುವುದು ಹಾಲಿನಲ್ಲಲ್ಲ, ಸೊಪ್ಪಿನಲ್ಲಿ. ಮಜ್ಜಿಗೆ, ಜೀರಿಗೆ ನೀರು, ಪುನರ್ಪುಳಿ ಶರಬತ್ತು ನಮ್ಮಲ್ಲಿ ಧಾರಾಳ. ಇದೇ ಕಿಣ್ವದ ದಾರಿಯಲ್ಲಿ ಕರಗುವ ಔಷಧಗಳೂ ಇವೆ: ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್, ಕ್ಲೋಜಪಿನ್. ಅವನ್ನು ತೆಗೆದುಕೊಳ್ಳುವವರು ಸೇದುವುದು ಬಿಡುವ ಮೊದಲೇ ಡಾಕ್ಟರಿಗೆ ಹೇಳಿ ಡೋಸು ನೋಡಿಸಿಕೊಳ್ಳದಿದ್ದರೆ ನಗುವ ವಿಷಯವಾಗಿ ಉಳಿಯುವುದಿಲ್ಲ.

ಕನಸು ಗುಳಿಗೆಯ ಖಾತೆಗೆ. ವರೆನಿಕ್ಲಿನ್ ತೋರಿಸುವ ಕನಸುಗಳಿಗೆ ಬಣ್ಣ ಜಾಸ್ತಿ, ಉದ್ದವೂ ಜಾಸ್ತಿ. ತೀರಿಹೋದ ಅಜ್ಜ ಬಂದು ತೋಟದ ಗಡಿ ವಿಷಯ ಮಾತಾಡುತ್ತಾರೆ, ಕನಸು ಕಂಡವನು ಬೆಳಗ್ಗೆ ನೆರೆಮನೆಯವನನ್ನು ಓರೆಗಣ್ಣಿನಲ್ಲಿ ನೋಡುತ್ತಾನೆ. ಕನಸಿನಲ್ಲಿ ಪೂರ್ತಿ ಸಿಗರೇಟು ಸೇದಿ, ಬೆವರಿ ಎದ್ದು, ಬಾಯಿ ಮೂಸಿ ನೋಡಿಕೊಳ್ಳುವುದಂತೂ ಬಿಟ್ಟವರೆಲ್ಲರ ಸಾಮಾನ್ಯ ಅನುಭವ. ಅದು ಸೋಲಿನ ಲೆಕ್ಕಕ್ಕಿಲ್ಲ. ಸಂಜೆಯ ಗುಳಿಗೆಯನ್ನು ಮಲಗುವ ಹೊತ್ತಿಗೆ ಇಡದೆ ಏಳು ಗಂಟೆಯ ಊಟದ ಜೊತೆ ನುಂಗಿದರೆ ರಾತ್ರಿ ತುಸು ಸುಧಾರಿಸುತ್ತದೆ.

ಕೆಮ್ಮು ಹೆಚ್ಚಾಯಿತೆಂದು ಹೆದರುವವರೂ ಇದ್ದಾರೆ. ಶ್ವಾಸನಾಳದ ಸಣ್ಣ ರೋಮಗಳು ಮತ್ತೆ ಕೆಲಸಕ್ಕೆ ಬಂದು ಕಫ ಮೇಲಕ್ಕೆ ತಳ್ಳುವಾಗ ಕೆಲವು ವಾರ ಹಾಗಾಗುತ್ತದೆ. ರಕ್ತ ಕಂಡರೆ ಮಾತ್ರ ಓಡಬೇಕು. ಮಲಬದ್ಧತೆಯ ಬಗ್ಗೆ ಗಂಡಸರು ಬಾಯಿ ಬಿಡುವುದಿಲ್ಲ. ಬೆಳಗ್ಗೆ ಒಂದು ಹಚ್ಚಿದರೆ ಮಾತ್ರ ಕಾರ್ಯಸಿದ್ಧಿ ಎಂದಿದ್ದವನಿಗೆ ಮೊದಲ ವಾರ ನಿಜಕ್ಕೂ ಕಷ್ಟ. ನೀರು, ಬಸಳೆ, ಹರಿವೆ, ಬಾಳೆಹಣ್ಣು, ಒಂದು ಮೈಲು ನಡಿಗೆ. ಹಸಿವೂ ಹೆಚ್ಚುತ್ತದೆ, ವರ್ಷದೊಳಗೆ ನಾಲ್ಕೈದು ಕಿಲೋ ಏರುವುದು ಮಾಮೂಲು. ಸಂಜೆಯ ಗೋಳಿಬಜೆಯ ಪ್ಲೇಟು ಎರಡಾಗದಂತೆ ನೋಡಿಕೊಂಡರೆ ಸಾಕು.

ಎಲೆತಟ್ಟೆಯ ಸಂಗತಿ ಹೇಳದಿದ್ದರೆ ಕಾಸರಗೋಡಿನ ಬರಹವೇ ಅಲ್ಲ. "ಸೇದುದು ಬಿಟ್ಟೆ, ಈಗ ಬರೀ ಎಲೆಯಡಿಕೆ" ಎಂದು ಹೆಮ್ಮೆಪಡುವವನ ಬಾಯಿ ತೆರೆಸಿ ನೋಡಿದರೆ ಅಡಿಕೆಯ ಪಕ್ಕದಲ್ಲೇ ಹೊಗೆಸೊಪ್ಪು. ನಿಕೋಟಿನ್ ಮುಂಬಾಗಿಲಲ್ಲಿ ಹೋಗಿ ಹಿತ್ತಲಿನಿಂದ ಬಂದ ಹಾಗಾಯಿತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಪಟ್ಟಿ ಮಾಡಿದೆ. ಅಡಿಕೆ ತೋಟದ ನಡುವೆ ಕುಳಿತು ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯಬೇಕು.

ಬುಪ್ರೊಪಿಯಾನ್ ಎಂಬ ಇನ್ನೊಂದು ಗುಳಿಗೆಯೂ ಉಂಟು: 150 ಮಿಲಿಗ್ರಾಮು, ಮೂರು ದಿನ ಒಂದೊಂದು, ಮತ್ತೆ ದಿನಕ್ಕೆರಡು, ಎರಡರ ನಡುವೆ ಕನಿಷ್ಠ ಎಂಟು ಗಂಟೆ. ಜಗಿಯಬಾರದು, ಪುಡಿ ಮಾಡಬಾರದು. ಅಪಸ್ಮಾರ ಇದ್ದವರಿಗೆ ಇದು ಸಲ್ಲ. ವರೆನಿಕ್ಲಿನ್ ಮನಸ್ಸು ಕೆಡಿಸುತ್ತದೆಂಬ ಮಾತಿಗೂ ಒಂದು ಹಿನ್ನೆಲೆಯಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಅದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಬಳಿಕ 2016ರಲ್ಲಿ ತೆಗೆಸಿತು. ಹಾಗಿದ್ದರೂ ವಿಪರೀತ ಖಿನ್ನತೆ, ಸಾಯುವ ಯೋಚನೆ, ಫಿಟ್ಸ್, ಎದೆನೋವು ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ಡಾಕ್ಟರನ್ನು ಕಾಣಬೇಕು. ವರೆನಿಕ್ಲಿನ್ ನಡೆಯುವಾಗ ಕೆಲವರಿಗೆ ಮದ್ಯ ಎಂದಿಗಿಂತ ಬೇಗ ತಲೆಗೇರುವುದೂ ಉಂಟು. ರಾತ್ರಿ ಆಸೆ ತಡೆಯದೆ ಯಾರಲ್ಲಾದರೂ ಮಾತಾಡಬೇಕೆನಿಸುವವರಿಗೆ ಸಿಗರೇಟು ಪ್ಯಾಕೆಟಿನ ಮೇಲೆಯೇ ಅಚ್ಚಾದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಇದೆ, ಆದರೆ ಬೆಳಗಾಗುವವರೆಗೆ ಕಾಯಬೇಕು.

ಕೊನೆಯದಾಗಿ ಸ್ಟ್ರಿಪ್ಪಿನ ಸಮಸ್ಯೆ. ಹದಿನೈದನೇ ದಿನಕ್ಕೆ "ಬಿಟ್ಟಾಯ್ತಲ್ಲ, ಇನ್ನು ಗುಳಿಗೆ ಎಂತಕ್ಕೆ?" ಎನ್ನುವ ಜಿಪುಣ ಒಬ್ಬನಾದರೆ, ತೆಗೆದುಕೊಳ್ಳಲು ಮನಸ್ಸಿದ್ದೂ ಸಿಗದವನು ಇನ್ನೊಬ್ಬ. 12 ವಾರಕ್ಕೆ ಬೇಕಾದ್ದು ಒಟ್ಟು 165 ಗುಳಿಗೆ. ಸಣ್ಣ ಪೇಟೆಯ ಮೆಡಿಕಲ್‌ಗಳಲ್ಲಿ ಇದನ್ನು ತಂದಿಟ್ಟುಕೊಳ್ಳುವುದಿಲ್ಲ. ಹೇಳಿ ತರಿಸಬೇಕು, ಇವತ್ತು ಹೇಳಿದರೆ ನಾಡಿದ್ದು. ಆ ನಾಡಿದ್ದು ಹರತಾಳವಾದರೆ ಆಚೆ ನಾಡಿದ್ದು. ಹರತಾಳಕ್ಕೆ ಏಳು ದಿನ ಮುಂಚೆ ನೋಟಿಸು ಕೊಡಬೇಕೆಂದು ಕೇರಳ ಹೈಕೋರ್ಟು 2019ರಲ್ಲಿ ಆದೇಶಿಸಿದೆ. ಮುಂದಿನ ಸ್ಟ್ರಿಪ್ಪಿಗೂ ಮೆಡಿಕಲ್‌ನವನಿಗೆ ಅಷ್ಟೇ ಮುಂಚೆ ಹೇಳಿಡಿ.