ಅದು ಬರೀ ಫೋಟೋ ಅಲ್ಲ

ಇವತ್ತು ಡ್ಯೂಟಿಯಲ್ಲಿ ಕೇಳಿದ ಒಂದು ಮಾತು ಇನ್ನೂ ಚುಚ್ಚುತ್ತಿದೆ. ನಾಳೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಅನ್ನುವ ಪುಟ್ಟ ಗ್ರಂಥಿಯ ಗೆಡ್ಡೆಯನ್ನು ಮೂಗಿನ ಮೂಲಕ ತೆಗೆಸಿಕೊಳ್ಳಲಿರುವ ಅಮ್ಮ ಒಬ್ಬರು ಎಂಆರ್‌ಐಗೆ ಬಂದಿದ್ದರು. ಜೊತೆಗಿದ್ದ ಮಗ ಕೇಳಿದ: "ಗೆಡ್ಡೆ ಇದೆ ಅಂತ ಹೋದ ತಿಂಗಳೇ ಗೊತ್ತಾಗಿದೆ. ಮತ್ತೆ ಫೋಟೋ ಯಾಕೆ ಮೇಡಂ?"

ಹುಡುಗನ ಮೇಲೆ ಸಿಟ್ಟಿಲ್ಲ. ಆ 'ಫೋಟೋ' ಅನ್ನುವ ಪದ ಕೇಳಿದರೇ ನನಗೆ ಆಗುವುದಿಲ್ಲ.

ಬುರುಡೆಯನ್ನು ಅಗಲವಾಗಿ ತೆರೆದರೆ ಸುತ್ತಮುತ್ತ ಏನಿದೆ ಅಂತ ಸರ್ಜನ್ ಕಣ್ಣಾರೆ ನೋಡಬಹುದು. ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ತೆಳು ಕೊಳವೆ, ಹೋದಾಗ ಕಾಣುವುದು ಎದುರಿಗಿನ ಇಷ್ಟೇ ಇಷ್ಟು ಜಾಗ. ಮೂಳೆಯ ಹಿಂದೆ ಎರಡೂ ಪಕ್ಕ ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ನಾಳಗಳು. ಮೇಲೆ ಕಣ್ಣಿನ ನರಗಳು. ದಾರಿ ಚಿಕ್ಕದಾದಷ್ಟೂ ಸ್ಕ್ಯಾನ್ ಮೇಲಿನ ಭಾರ ಜಾಸ್ತಿ. ಗೆಡ್ಡೆ ಇದೆಯಾ ಅಂತ ನೋಡುವ ಸ್ಕ್ಯಾನ್ ಬೇರೆ, ದಾರಿ ತೋರಿಸುವ ನ್ಯಾವಿಗೇಷನ್ ಸ್ಕ್ಯಾನ್ ಬೇರೆ. ಇದರಲ್ಲಿ ಸುಮಾರು 1 ಮಿಲಿಮೀಟರ್‌ನ ಪದರಗಳು, ನಡುವೆ ಸಂದೇ ಇರಬಾರದು. ಆಪರೇಷನ್ ಥಿಯೇಟರಿನಲ್ಲಿ ಅದನ್ನು ರೋಗಿಯ ಮುಖಕ್ಕೆ ಹೊಂದಿಸುತ್ತಾರೆ. ಆಮೇಲೆ ಉಪಕರಣದ ತುದಿ ಒಳಗೆ ಎಲ್ಲಿದೆ ಅಂತ ಪರದೆಯ ಮೇಲೆ ಕಾಣುತ್ತದೆ.

ಇದನ್ನು ಇಲ್ಲಿವರೆಗೆ ಹೇಳಿಕೊಂಡಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವಸರದಲ್ಲಿ, ಒಬ್ಬ ಅಜ್ಜನ ಮೂಗಿನ ತುದಿ ಸ್ಕ್ಯಾನಿನಿಂದ ಹೊರಗುಳಿಯಿತು. ಗೆಡ್ಡೆ ಚೆನ್ನಾಗಿ ಬಂದಿದೆಯಲ್ಲ, ಮೂಗು ಯಾಕೆ ಅಂದುಕೊಂಡೆ. ಮುಖ ಹೊಂದಿಸಲು ಮೂಗು, ಹಣೆ, ಕಣ್ಣಿನ ಸುತ್ತಲಿನ ಮೂಳೆಯೇ ಗುರುತು. ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿದಾಗ ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ ಅಜ್ಜ ಮತ್ತೆ ಬಂದು ಮಲಗಿದರು. "ಪರವಾಗಿಲ್ಲಮ್ಮ" ಅಂದರು. ಆ ದಿನ ನನಗೆ ಊಟ ಸೇರಲಿಲ್ಲ.

"ಹಿಂದೆಲ್ಲ ಸ್ಕ್ಯಾನ್ ಇಲ್ಲದೆ ಮಾಡ್ತಿರಲಿಲ್ವಾ?" ಅನ್ನುವವರಿದ್ದಾರೆ. ಮಾಡುತ್ತಿದ್ದರು. 1919ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ತೋರಿಸಿದ ದಾರಿಯಲ್ಲಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿಗೆ ತಡೆಯಲಾಗದ ತಲೆನೋವು, ವಾಂತಿ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ಸಲ ರೋಗಿಯ ಮಿದುಳಿನ ಸಿಟಿ ಸ್ಕ್ಯಾನ್ ಆಗುವವರೆಗೂ ಗೆಡ್ಡೆಯನ್ನು ಇಷ್ಟು ಸ್ಪಷ್ಟವಾಗಿ ನೋಡುವ ದಾರಿ ಇರಲಿಲ್ಲ. ಬುರುಡೆ ತೆರೆದ ಮೇಲೆ ಮಿದುಳು ಜರುಗುತ್ತದೆ, ಹಿಂದಿನ ದಿನದ ಸ್ಕ್ಯಾನ್ ತಪ್ಪಾಗುತ್ತದೆ ಅನ್ನುವುದೂ ನಿಜ. ಅದಕ್ಕೂ ಮದ್ದು ಥಿಯೇಟರಿನಲ್ಲೇ ಇಡುವ ಅಲ್ಟ್ರಾಸೌಂಡ್, ಎಂಆರ್‌ಐ. ಅಂದರೆ ಮತ್ತೂ ಸ್ಕ್ಯಾನೇ, ಅಲ್ವಾ?

ಹುಡುಗನನ್ನು ಒಳಗೆ ಕರೆದು ಪರದೆ ತೋರಿಸಿದೆ. ಗೆಡ್ಡೆಯ ಅಕ್ಕಪಕ್ಕ ಎರಡು ಕಪ್ಪು ಚುಕ್ಕೆ. ಹರಿಯುವ ರಕ್ತ ಈ ಚಿತ್ರದಲ್ಲಿ ಹಾಗೇ ಕಪ್ಪಗೆ ಕಾಣುತ್ತದೆ ಅಂದೆ. "ಇಷ್ಟು ಹತ್ತಿರಾನಾ?" ಅಂದ.

ಅಮ್ಮನ ಮೂಗಿನ ತುದಿ ಪೂರ್ತಿ ಬಂದಿದೆಯಾ ಅಂತ ಎರಡು ಸಲ ನೋಡಿ ಕಳಿಸಿದೆ.