ನೀರಿದ್ದಾಗ ಬೀಗ, ಬೀಗ ತೆಗೆದಾಗ ಕೆಸರು

ಕೊಡಗಿನ ನಮ್ಮೂರಿನ ಕೆರೆ ಅಭಿವೃದ್ಧಿಯಾಗಿದೆ. ಗಾಬರಿಯಾಗಬೇಡಿ, ಕೆರೆ ಇನ್ನೂ ಅಲ್ಲೇ ಇದೆ. ಸುತ್ತ ಇಂಟರ್‌ಲಾಕ್ ಹಾಕಿದ್ದಾರೆ, ಗಾಳ ಹಾಕೋಕೆ ಕಟ್ಟೆ ಕಟ್ಟಿದ್ದಾರೆ, ಸೆಲ್ಫಿಗೆ ಆಳೆತ್ತರದ ಅಕ್ಷರಗಳನ್ನು ನಿಲ್ಲಿಸಿದ್ದಾರೆ.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಕೆರೆ ತುಂಬಿ ಕೋಡಿ ಹರಿಯುತ್ತದೆ. ಅವತ್ತೇ ಗೇಟಿಗೆ ಬೀಗ, ಸಾರ್ವಜನಿಕರ ಸುರಕ್ಷತೆಗಾಗಿ. ಫೆಬ್ರವರಿ-ಮಾರ್ಚ್ ಬಂದರೆ ರೋಬಸ್ಟಾ ಕಾಫಿಯ ಹೂವು ಅರಳಬೇಕು. ಹೂವರಳಿಸುವ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಬೇಕು. ಸುತ್ತಲಿನ ತೋಟದ ಪಂಪುಗಳೆಲ್ಲ ಕೆರೆಗೆ ಬಾಯಿ ಹಾಕುತ್ತವೆ. ತೋಟ ಘಮಘಮ, ಕೆರೆಯ ತಳ ಬಟಾಬಯಲು. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿದಾಗ ಗೇಟು ತೆರೆಯುತ್ತದೆ. ಬಾಡಿಗೆ ಗಾಳ ಹಿಡಿದು ಕಟ್ಟೆಯ ಮೇಲೆ ಕೂತವರಿಗೆ ಎದುರಿಗೆ ಕೆಸರು, ಅದರಾಚೆ ಎಮ್ಮೆ, ಎಮ್ಮೆಯ ಆಚೆ ಒಂದಿಷ್ಟು ನೀರು.

ನಡುವಿನ ತಿಂಗಳುಗಳಲ್ಲಿ ಏನು ಮಾಡ್ತಾರೆ ಅಂತೀರಾ? ಟೆಂಡರ್ ಕರೀತಾರೆ.

ಮೀನಿನ ಕಥೆ ಇನ್ನೂ ಚೆಂದ. ಗೇಟಿನಲ್ಲಿ ಸಿಮೆಂಟಿನ ಬಿಳಿಮೀನು ಬಾಯಿ ತೆರೆದು ನಿಂತಿದೆ. ಅದೇ ನಮ್ಮ ಮಹಶೀರ್. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ಹೊಳೆಯಲ್ಲಿ ಕಮ್ಮಿಯಾದದ್ದನ್ನು ಗೇಟಿನಲ್ಲಿ ಭರ್ತಿ ಮಾಡಿದ್ದಾರೆ. ಒಳಗೆ ಬಿಟ್ಟಿರೋದು ಮಾತ್ರ ಕಟ್ಲಾ. ಗಂಗೆಯ ಕಡೆಯ ಮೀನು. ನಿಂತ ನೀರಲ್ಲಿ ಮೊಟ್ಟೆ ಇಡಲ್ಲ. ಹಾಗಾಗಿ ಆಗಾಗ ಮರಿ ತಂದು ಬಿಡಬೇಕು, ಆಗಾಗ ಬಿಲ್ ಮಾಡಬೇಕು. ಈ ಏರ್ಪಾಟು ಯಾರಿಗೂ ಬೇಸರ ತಂದ ಹಾಗೆ ಕಾಣಲಿಲ್ಲ. ಇನ್ನೊಂದು ವಿಷಯ. ಕಟ್ಲಾ ನೀರಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು. ಎರೆಹುಳ ಚುಚ್ಚಿದ ಗಾಳಕ್ಕೆ ಅದು ಬಾಯಿ ಹಾಕೋದೇ ಅಪರೂಪ. ಗಾಳಕ್ಕೆಂದೇ ಮಾಡಿದ ಕೆರೆಗೆ ಇದನ್ನು ಆರಿಸಿದ ಮಹಾನುಭಾವರಿಗೆ ಒಂದು ಶಾಲು ಹೊದಿಸಬೇಕು, ಅಲ್ವಾ?

ಅಕಸ್ಮಾತ್ ಸಿಕ್ಕಿಬಿತ್ತು ಅನ್ನಿ. ‘ಹಿಡಿದ ಮೀನನ್ನು ಕೆರೆಗೇ ಬಿಡತಕ್ಕದ್ದು’ ಅನ್ನುತ್ತದೆ ಒಂದು ಬೋರ್ಡು. ‘ಕೆರೆಗೆ ಏನನ್ನೂ ಹಾಕಬಾರದು, ದಂಡ ವಿಧಿಸಲಾಗುವುದು’ ಅನ್ನುತ್ತದೆ ಪಕ್ಕದ್ದು. ಒದ್ದಾಡುವ ಮೀನು ಕೈಯಲ್ಲಿ ಹಿಡಿದ ಮನುಷ್ಯ ಎರಡನ್ನೂ ಓದಿ, ಕೊನೆಗೆ ವಾಚ್‌ಮನ್ ಮುಖ ನೋಡ್ತಾನೆ. ವಾಚ್‌ಮನ್ ಮೀನಿನ ಮುಖ ನೋಡ್ತಾನೆ.

ಮೊದಲೆಲ್ಲ ಮುಂಗಾರಿನ ಹೊಸ ನೀರಿಗೆ ಮೀನು ತಾನಾಗಿ ಗದ್ದೆಗೆ ಏರಿ ಬರ್ತಿತ್ತು. ಊರವರು ಬುಟ್ಟಿಯಲ್ಲಿ ಹಿಡಿದು, ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ಸಾರು ಮಾಡ್ತಿದ್ದರು. ಟಿಕೆಟ್ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ಈಗ ಕೆರೆಗೂ ಗದ್ದೆಗೂ ನಡುವೆ ಎದೆಯೆತ್ತರದ ಕಾಂಕ್ರೀಟ್ ಗೋಡೆ. ಅದರ ಮೇಲೆ ಈಜಾಡುವ ಮೀನುಗಳ ಚಿತ್ರ ಬರೆಸಿದ್ದಾರೆ.

ಎರಡನೇ ಹಂತದ ಪ್ಲಾನ್ ರೆಡಿ ಇದೆಯಂತೆ. ಅದರಲ್ಲಿ ರೈನ್ ಡ್ಯಾನ್ಸ್ ಇದೆ. ಹೌದು, ಕೊಡಗಿನಲ್ಲಿ. ಬೋರ್‌ವೆಲ್ ನೀರನ್ನು ಮೇಲಿಂದ ಸುರಿಸ್ತಾರೆ, ಕೆಳಗೆ ನಿಂತು ಕುಣಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬಂದ್. ಮಳೆ ಬರುತ್ತಲ್ಲ, ಅದಕ್ಕೆ.